ಕೂಗು ನಿಂತ ಹೋಟೆಲು

ಆ ಮೂಲೆ ಹೋಟೆಲಿನ ಸಪ್ಲೈಯರನ್ನು ಜನ ಕಹಳೆ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಆ ಹೆಸರಿನಿಂದ ಯಾರಾದರೂ ಕೂಗಿದರೆ ಅವನು ತಿರುಗಿ ನೋಡುವುದು ಅನುಮಾನ. ಆಳು ನೋಡಿದರೆ ಒಂದು ಹಿಡಿ. ಗಂಟಲು ಮಾತ್ರ ಇನ್ಯಾರಿಗೋ ಹೋಗಬೇಕಾದದ್ದು ದಾರಿ ತಪ್ಪಿ ಇವನ ಮೈಗೆ ಬಂದು ಸೇರಿದಂತಿತ್ತು. ಬಾಗಿಲ ಹತ್ತಿರದ ಮೇಜಿನ ಮುಂದೆ ನಿಂತು "ಎರಡು ರೊಟ್ಟಿ, ಒಂದು ಆಮ್ಲೆಟ್, ಖಾರ ಕಮ್ಮೀ…" ಎಂದು ಎಳೆದನೆಂದರೆ ಬೀದಿಯಾಚೆ ಬೀಗ ರಿಪೇರಿ ಮಾಡುವವನು ತಲೆಯೆತ್ತಿ, ಓಹೋ ಊಟದ ಹೊತ್ತಾಯಿತು ಎಂದು ಕೈ ಒರೆಸಿಕೊಳ್ಳುತ್ತಿದ್ದ.

ಬರೆದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಯಾರು ಎಲ್ಲಿ ಕೂತಿದ್ದಾರೆ, ಯಾರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ, ಎಲ್ಲವೂ ಕೂಗಿನಲ್ಲೇ ಹೋಗುತ್ತಿತ್ತು. "ಕಿಟಕಿಯವರಿಗೆ ಎಣ್ಣೆ ಬೇಡ." "ಅಜ್ಜಿಗೆ ಅನ್ನ ಮೆತ್ತಗೆ." "ಅವಸರದವರು ಬಂದ್ರು, ಮೊದಲು ಅವರದ್ದು." ಅಡುಗೆಮನೆ ಗೋಡೆಯ ಹಿಂದೆ. ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿ. ಈಚೆಯಿಂದ ಇವನು ಕೂಗಿದರೆ ಆಚೆಯಿಂದ "ಆಯ್ತು" ಎಂದು ಒಂದೇ ಒಂದು ಮಾತು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಕಿಂಡಿಯಲ್ಲಿ ತಟ್ಟೆ, ತಟ್ಟೆಯ ಹಿಂದೆ ಎರಡು ಕೈ. ಬಿಸಿ ತಾಗಿ ತಾಗಿ ಮೊಣಕೈವರೆಗೂ ಕೂದಲು ಸುಟ್ಟುಹೋದ ಕೈಗಳು. ಆ ಕೈಗಳು ಅವನ ಅಣ್ಣನವು.

ಅಣ್ಣ ಅಡುಗೆಯವನು, ತಮ್ಮ ಬಡಿಸುವವನು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹಳೆಯ ಗಿರಾಕಿಗಳಿಗೆಲ್ಲ ಗೊತ್ತಿದ್ದ ಇನ್ನೊಂದು ಸಂಗತಿಯೆಂದರೆ, ಅಣ್ಣತಮ್ಮ ಹತ್ತು ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರು. ಮಾತು ಬಿಟ್ಟವರು ದಿನವಿಡೀ ಒಬ್ಬರಿಗೊಬ್ಬರು ಕೂಗಿಕೊಂಡು ಕೆಲಸ ಮಾಡುವುದು ಹೇಗೆ ಎಂದು ಹೊಸಬರು ಕೇಳಿದರೆ ಹಳಬರು ನಗುತ್ತಿದ್ದರು. ಆರ್ಡರ್ ಮಾತಿನ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಇಬ್ಬರೂ ತಂತಮ್ಮೊಳಗೇ ತೀರ್ಮಾನ ಮಾಡಿಕೊಂಡಿದ್ದರು. ಅಷ್ಟೇ. ಆ ತೀರ್ಮಾನವನ್ನೂ ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ.

ಜಗಳ ಅಮ್ಮನ ವಿಷಯಕ್ಕೆ. ಕೊನೆಗಾಲದಲ್ಲಿ ಅವಳ ಕಾಲು ಊದಿಕೊಂಡವು, ಉಸಿರು ಸಾಲದಾಯಿತು, ಡಾಕ್ಟರು ಉಪ್ಪು ಮುಟ್ಟಿಸಲೇಬಾರದು ಎಂದರು. ಅಣ್ಣ ಅದನ್ನು ವ್ರತದಂತೆ ಹಿಡಿದ. ಬೆಳಗ್ಗೆ ಹೋಟೆಲಿಗೆ ಹೋಗುವ ಮುಂಚೆ ತಾನೇ ಒಲೆ ಮುಂದೆ ನಿಂತು ಅವಳಿಗೆಂದು ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಪಲ್ಯ ಮಾಡುತ್ತಿದ್ದ, ಹೆಂಡತಿ ಮಾಡುತ್ತೇನೆಂದರೂ ಬಿಡುತ್ತಿರಲಿಲ್ಲ. ಅಮ್ಮ ಚಕಾರ ಎತ್ತದೆ ತಿನ್ನುತ್ತಿದ್ದಳು. ಅವನು ಆಚೆ ಹೋದ ಮೇಲೆ, ನೋಡಲು ಬಂದ ಕಿರಿಯವನ ಕೈ ಹಿಡಿದುಕೊಂಡು ಹೇಳುತ್ತಿದ್ದಳು: "ಒಂದು ಮೀನು ತಂದ್ಕೊಡೋ. ದೊಡ್ಡೋನು ಹೋಟೆಲಲ್ಲಿ ಹುರಿತಾನಲ್ಲ, ಅದು. ಬೇರೆ ಕಡೇದು ಬೇಡ."

ಕಹಳೆ ಒಂದು ದಿನ ತಡೆದ, ಎರಡು ದಿನ ತಡೆದ. ಆಮೇಲೆ ಹೋಟೆಲಿನಲ್ಲಿ, ಯಾರೋ ಗಿರಾಕಿ ಕೇಳಿದವರಂತೆ, "ಒಂದು ಮೀನು, ಕಟ್ಟಿ ಕೊಡೀ…" ಎಂದು ಕೂಗಿದ. "ಆಯ್ತು" ಎಂದ ಅಣ್ಣ. ಹುರಿದು, ಕಾಗದದಲ್ಲಿ ಕಟ್ಟಿ ಕಿಂಡಿಯಿಂದ ನೂಕಿದ. ಅಮ್ಮ ತಿಂದಳು. ವಾರಕ್ಕೊಮ್ಮೆ ಅದೇ ನಡೆಯಿತು. ಅವಳು ಹೋದ ದಿನ ಹಾಸಿಗೆ ಸುತ್ತುವಾಗ ಮಂಚದ ಕೆಳಗೆ ಮೀನಿನ ಮುಳ್ಳು ಸಿಕ್ಕಿದವು. ಅಣ್ಣ ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ. ಬಂಧುಬಳಗವೆಲ್ಲ ಕೂತಿತ್ತು. ಅವರೆಲ್ಲರ ಮುಂದೆ ತಮ್ಮನ ಕಡೆ ತಿರುಗಿ, "ಯಾವ ಕೈಯಲ್ಲಿ ತಿನ್ನಿಸಿದೆಯೋ ಅದೇ ಕೈಯಲ್ಲಿ ಅವಳನ್ನ ಕೊಂದೆ ನೀನು" ಎಂದ.

ಕಹಳೆಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದು ನೀನೇ ಹುರಿದ ಮೀನು, ಅಣ್ಣ. ಇಷ್ಟು ಹೇಳಿದ್ದರೆ ಸಾಕಿತ್ತು, ಅಲ್ಲಿಗೆ ಅವನ ಬಾಯಿ ಮುಚ್ಚುತ್ತಿತ್ತು. ಹೇಳಿದರೆ ಬದುಕಿರುವಷ್ಟು ದಿನ ಅವನು ಬಾಣಲೆ ಮುಟ್ಟುವುದಿಲ್ಲ ಎಂಬುದು ತಮ್ಮನಿಗೆ ಗೊತ್ತಿತ್ತು. ಉಗುಳು ನುಂಗಿಕೊಂಡು ಸುಮ್ಮನಾದ. ಇದನ್ನು ಬರೀ ದೊಡ್ಡ ಗುಣ ಎಂದುಕೊಳ್ಳುವುದು ಬೇಡ. ಸಿಟ್ಟೂ ಅಷ್ಟೇ ಇತ್ತು. ನಾಲ್ಕು ಜನರ ಮುಂದೆ ಕೊಲೆಗಾರ ಅನ್ನಿಸಿಕೊಂಡವನು ತಾನೇ ಹೋಗಿ ಮಾತಾಡಿಸುವುದುಂಟೇ? ಅವನೇ ಬರಲಿ ಎಂದು ಕಾದ. ಅಣ್ಣನೂ ಬರಲಿಲ್ಲ. ವರ್ಷ ಕಳೆದಂತೆ ಸಿಟ್ಟು ಸವೆಯಿತು, ಹೇಳದೆ ಉಳಿದ ಮಾತು ಮಾತ್ರ ಸವೆಯಲಿಲ್ಲ. ಅದನ್ನು ಹೆಂಡತಿಯ ಹತ್ತಿರವೂ ಆಡಿರಲಿಲ್ಲ.

ಎರಡೂ ಮನೆ ಒಂದೇ ಓಣಿಯಲ್ಲಿ. ವಾರಗಿತ್ತಿಯರು ಚೆನ್ನಾಗಿಯೇ ಇದ್ದರು. ಗಂಡಂದಿರ ಈ ಹಟದಿಂದ ಅವರಿಗೆ ಕೆಲಸ ಹೆಚ್ಚಾಗಿತ್ತು, ಅಷ್ಟೇ. ಮನೆಯ ಮಾಡು ಸೋರುತ್ತಿದೆ, ಮೈದುನನಿಗೆ ಹೇಳು ಎಂದು ಅಕ್ಕ ಬರುವಳು. ಏಣಿ ನಿಮ್ಮ ಮನೇಲೇ ಇದೆ, ಭಾವನಿಗೆ ಹೇಳಿ ಎಂದು ತಂಗಿ ಹೋಗುವಳು. "ಟಪಾಲು ಹೊತ್ತೂ ಹೊತ್ತೂ ನಮ್ಮ ಕಾಲು ಸವೆದು ಹೋಯ್ತು" ಎಂದು ಇಬ್ಬರೂ ಸೇರಿ ಗಂಡಂದಿರನ್ನು ಆಡಿಕೊಳ್ಳುತ್ತಿದ್ದರು.

ಹಾಗಂತ ಹೋಟೆಲಿನಲ್ಲಿ ಅವರಿಬ್ಬರ ನಡುವೆ ಏನೂ ಇರಲಿಲ್ಲ ಎನ್ನುವಂತಿಲ್ಲ. ಅಣ್ಣನ "ಆಯ್ತು" ಮೊಟಕಾದರೆ ಅವನಿಗೆ ಬೆನ್ನುನೋವು ಎಂದು ತಮ್ಮನಿಗೆ ತಿಳಿಯುತ್ತಿತ್ತು, ಆ ದಿನ ಆರ್ಡರುಗಳನ್ನು ಸ್ವಲ್ಪ ಬಿಡಿಬಿಡಿಯಾಗಿ ಕೂಗುತ್ತಿದ್ದ. ತನ್ನ ಮಗಳಿಗೆ ಗಂಡು ನಿಶ್ಚಯವಾದ ದಿನ ಅಣ್ಣನ ದನಿ ತಾನಾಗೇ ಮೇಲೇರಿತ್ತು. ಕಹಳೆಯ ಗಂಟಲು ಕಟ್ಟಿದರೆ ಯಾರೂ ಕೇಳದೆಯೇ ಕಿಂಡಿಯಲ್ಲಿ ಶುಂಠಿ ಕುದಿಸಿದ ನೀರು ಒಂದು ಲೋಟ ಬಂದು ನಿಲ್ಲುತ್ತಿತ್ತು. ಇವನು ತುಟಿ ಪಿಟಕ್ಕೆನ್ನದೆ ಕುಡಿದು ಲೋಟ ವಾಪಸು ಇಡುತ್ತಿದ್ದ. ಹೀಗೇ ರಿಟೈರ್ ಆಗುವವರೆಗೂ ನಡೆದು ಹೋಗಬಹುದಿತ್ತು, ಹೋಟೆಲು ನಡೆದಿದ್ದರೆ.

ಹೋಟೆಲು ನಡೆಯಲಿಲ್ಲ. ಹತ್ತಿರದ ಕಾರ್ಖಾನೆ ಮುಚ್ಚಿ ಅಲ್ಲಿ ಗಾಜಿನ ಆಫೀಸುಗಳೆದ್ದವು. ಆಫೀಸಿನವರು ಊಟವನ್ನು ಫೋನಿನಲ್ಲೇ ತರಿಸಿಕೊಳ್ಳುತ್ತಿದ್ದರು. ಬೀದಿಯನ್ನು ಒಂದೇ ದಿಕ್ಕಿನದು ಮಾಡಿದ ಮೇಲೆ ಗಾಡಿಯವರು ಈ ಕಡೆ ಮುಖ ಹಾಕುವುದು ಬಿಟ್ಟರು. ಉಳಿದ ಹಳೆಯ ಗಿರಾಕಿಗಳಲ್ಲಿ ಒಬ್ಬೊಬ್ಬರಾಗಿ ಹಲ್ಲು ಹೋದವರು, ಕಾಲು ಹೋದವರು, ಪೂರ್ತಿ ಹೋದವರು. ಮಧ್ಯಾಹ್ನದ ಹೊತ್ತಿಗೆ ಕಹಳೆ ನೊಣ ಹೊಡೆಯುತ್ತ ನಿಲ್ಲುವಂತಾಯಿತು. ಗಲ್ಲಾದ ಹಿಂದೆ ಕೂರುವ ಯಜಮಾನರಿಗೂ ವಯಸ್ಸಾಗಿತ್ತು. ಒಂದು ದಿನ ಕೆಲಸದವರನ್ನೆಲ್ಲ ಕರೆದು, "ನನ್ನ ಕೈಲಾಗೋದು ಇಷ್ಟೇ ಕಣ್ರಪ್ಪ" ಎಂದರು. ಆ ಸಂಜೆ ಶಟರ್ ಎಳೆದಾಗ ಅಣ್ಣ ಹಿಂದಿನ ಬಾಗಿಲಿಂದ ಹೋದ, ತಮ್ಮ ಮುಂದಿನ ಬಾಗಿಲಿಂದ.

ಮನೆಯಲ್ಲಿ ಕೂತ ಮೊದಲ ವಾರ ಕಹಳೆ ನಿದ್ದೆ ಮಾಡಿದ. ಆಮೇಲೆ ಹೆಂಡತಿಯ ಕಾಲಿಗೆ ಅಡ್ಡ ಸಿಕ್ಕತೊಡಗಿದ. ಅವಳು ಶಾಲೆಯೊಂದರಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದರೆ ಗಂಡ ಕಿಟಕಿಯಲ್ಲಿ ಕೂತಿರುತ್ತಿದ್ದ.

"ಏನ್ರೀ, ಹೊತ್ತು ಮುಳುಗೋವರೆಗೂ ಆ ಓಣೀಲಿ ಏನು ನೋಡ್ತೀರಾ?"

"ಏನಿಲ್ಲ."

"ನಿಮ್ಮಣ್ಣ ಆಚೆ ಬರಲ್ಲ. ಅವರೂ ಹಿಂಗೇ ಕೂತಿದ್ದಾರಂತೆ ಅವರ ಮನೇಲಿ. ಅಕ್ಕ ಹೇಳಿದ್ಳು."

ಅವಳು ಹೇಳಿದ್ದು ಅವನಿಗೆ ನಾಟಿತು. ಹೋಟೆಲು ಮುಚ್ಚಿ ತಿಂಗಳುಗಳಾಗಿದ್ದವು, ಅಣ್ಣನ ದನಿ ಅವನ ಕಿವಿಗೆ ಬಿದ್ದಿರಲಿಲ್ಲ. ಜಗಳವಾಡಿದ್ದು ಹನ್ನೆರಡು ವರ್ಷದ ಹಿಂದೆ ಇರಬಹುದು, ಮಾತು ನಿಂತದ್ದು ಈಗ. ಅದರಿಂದ ಅವನಿಗೆ ಅಳು ಬರುವಷ್ಟು ನೋವಾಯಿತು. ಒಂದೆರಡು ಸಲ ಅಣ್ಣನ ಮನೆ ಬಾಗಿಲವರೆಗೆ ಹೋದ. ಒಳಗಿನಿಂದ ಕೆಮ್ಮು ಕೇಳಿಸಿತು. ಏನಂತ ಕರೆಯುವುದು ಎಂದು ತೋಚದೆ, ಅಂಗಡಿಗೆ ಹೊರಟವನಂತೆ ಮುಂದೆ ನಡೆದುಬಿಟ್ಟ.

ಅಷ್ಟರಲ್ಲಿ ಯಜಮಾನರ ಮಗಳು ಬಂದಳು. ಬೇರೆ ಊರಿನಲ್ಲಿ ದೊಡ್ಡ ಹೋಟೆಲು ನೋಡಿಕೊಂಡಿದ್ದವಳು. ಚಿಕ್ಕಂದಿನಲ್ಲಿ ಗಲ್ಲಾದ ಮೇಲೆ ಕೂತು ಕಹಳೆಯ ಕೂಗನ್ನು ಅಣಕಿಸುತ್ತಿದ್ದ ಹುಡುಗಿ, ಈಗ ಕೈಯಲ್ಲಿ ಅಳತೆಪಟ್ಟಿ ಹಿಡಿದು ಹೋಟೆಲಿನೊಳಗೆ ಓಡಾಡುತ್ತಿದ್ದಳು. ಅವಳು ಅವನನ್ನು ಕರೆಸಿಕೊಂಡಳು.

"ಮಾಮ, ಹೋಟೆಲ್ ಮತ್ತೆ ತೆಗೀತೀನಿ. ಆದ್ರೆ ಹಳೇ ಥರ ಅಲ್ಲ. ಈ ಆಫೀಸಿನ ಜನಕ್ಕೆ ಬೆಳಗ್ಗಿಂದ ಕಿವಿಗೆ ಮಾತು ಹೊಯ್ದೂ ಹೊಯ್ದೂ ಸಾಕಾಗಿರುತ್ತೆ. ಅವರಿಗೆ ಅರ್ಧ ಗಂಟೆ ಸುಮ್ನೆ ಕೂತು ಉಣ್ಣೋ ಜಾಗ ಬೇಕು. ಇಲ್ಲಿ ಯಾರೂ ಜೋರಾಗಿ ಮಾತಾಡೋ ಹಾಗಿಲ್ಲ. ಮೇಜಿನ ಮೇಲೆ ಫೋನಿನಂಥ ಪರದೆ ಇರುತ್ತೆ, ಬೇಕಾದ್ದು ಮುಟ್ಟಿದ್ರೆ ಒಳಗೆ ಚೀಟಿ ಬರುತ್ತೆ."

"ಹಾಗಾದ್ರೆ ನಾನು?"

"ನೀವು ತಟ್ಟೆ ತಗೊಂಡು ಹೋಗಿ ಇಡಬೇಕು. ಅಷ್ಟೇ. ಕೂಗಬಾರದು."

ಕಹಳೆ ನಕ್ಕ. ಮೀನಿಗೆ ಈಜಬೇಡ ಎಂದಂತಾಯಿತು ಎಂದುಕೊಂಡ. ಆದರೆ ಆ ವಯಸ್ಸಿನಲ್ಲಿ ಬೇರೆ ಕಡೆ ಯಾರು ಕರೆಯುತ್ತಾರೆ? ಅದಲ್ಲದೆ ಇನ್ನೊಂದು ಪ್ರಶ್ನೆ ಬಾಯಿಗೆ ಬಂದಿತ್ತು, ಕೇಳುವ ಮೊದಲೇ ಅವಳೇ ಹೇಳಿದಳು: "ನಿಮ್ಮಣ್ಣನಿಗೂ ಹೇಳಿ ಕಳಿಸಿದೀನಿ. ಅಡುಗೆ ಅವರದ್ದೇ." ಇವನು ತಲೆಯಾಡಿಸಿ ಒಪ್ಪಿಕೊಂಡ.

ತೆರೆದ ದಿನ ನೋಡಿದರೆ ಅದು ಹಳೆಯ ಹೋಟೆಲು ಎನ್ನುವುದಕ್ಕೆ ಬೀದಿಯೊಂದೇ ಸಾಕ್ಷಿ. ಗೋಡೆಗೆಲ್ಲ ಮೆತ್ತನೆಯ ಹಲಗೆ ಹೊಡೆಸಿದ್ದಳು, ಕುರ್ಚಿಯ ಕಾಲಿಗೆ ರಬ್ಬರು, ನೆಲಕ್ಕೆ ಚಮಚ ಬಿದ್ದರೂ ಸದ್ದಾಗದ ಹಾಸು. ಕಿಂಡಿಯ ಗೋಡೆ ಮಾಯವಾಗಿ ಅಲ್ಲಿ ಸೂರಿನವರೆಗೂ ಗಾಜು ನಿಂತಿತ್ತು, ಒಳಗಿನ ಸದ್ದು ಹೊರಗೆ ಬರಬಾರದೆಂದು ಎರಡು ಪದರದ ದಪ್ಪ ಗಾಜು. ಪಕ್ಕದಲ್ಲಿ ತಟ್ಟೆ ದಾಟಿಸಲು ತಾನೇ ಮುಚ್ಚಿಕೊಳ್ಳುವ ಒಂದು ಪೆಟ್ಟಿಗೆ. ಅಡುಗೆ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬಾರದು ಎಂಬುದು ಅವಳ ಲೆಕ್ಕ. ಅವಳ ಲೆಕ್ಕ ತಪ್ಪಿರಲಿಲ್ಲ. ಮೊದಲ ವಾರದಲ್ಲೇ ಆಫೀಸಿನವರು ಬಂದು ತುಂಬಿಕೊಂಡರು, ಕಣ್ಣು ಮುಚ್ಚಿಕೊಂಡು ಅಗಿಯುವವರೂ ಇದ್ದರು.

ಆ ಮೊದಲ ದಿನ ಕಹಳೆ ಗಾಜಿನ ಮುಂದೆ ತಟ್ಟೆ ಹಿಡಿದು ನಿಂತವನು ಹಾಗೇ ನಿಂತ. ಓಣಿಯಲ್ಲಿ ಆಗಾಗ ಅಣ್ಣ ಎದುರಾಗುತ್ತಿದ್ದದ್ದು ನಿಜ, ಆದರೆ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುವವರೇ. ಕಣ್ಣು ನೆಟ್ಟು ನೋಡಿ ಎಷ್ಟು ಕಾಲವಾಗಿತ್ತೋ. ಟೋಪಿಯ ಕೆಳಗೆ ಹುಬ್ಬು ಪೂರ್ತಿ ಬೆಳ್ಳಗಾಗಿತ್ತು. ಕೆನ್ನೆ ಒಳಗೆ ಹೋಗಿ, ಗಲ್ಲ ಮುಂದೆ ಬಂದು, ಥೇಟ್ ಅಮ್ಮನ ಮುಖವೇ ಆಗಿತ್ತು. ಅಮ್ಮ ಒಲೆಯ ಮುಂದೆ ಬಾಗಿದಂತೆ ಅವನೂ ಬಾಗಿ ಬಾಣಲೆಯೊಳಗೆ ನೋಡುತ್ತಿದ್ದ. ಇಷ್ಟು ವರ್ಷ ಮುಖವಿಲ್ಲದೆ ದನಿ ಮಾತ್ರ ಕೇಳಿಸುತ್ತಿತ್ತು, ಈಗ ಮುಖ ಮಾತ್ರ ಉಳಿಯಿತು.

ಆ ಮುಖದ ತುಟಿಗಳು ಅಲ್ಲಾಡುತ್ತಿದ್ದವು. ಚೀಟಿ ಕೈಗೆ ತೆಗೆದುಕೊಂಡಾಗೆಲ್ಲ ಅಣ್ಣ ಏನೋ ಅನ್ನುತ್ತಿದ್ದ, ಒಮ್ಮೊಮ್ಮೆ ಕತ್ತು ಮೇಲೆತ್ತಿ ಜೋರಾಗಿಯೇ. ಗಾಜು ಒಂದು ಸ್ವರವನ್ನೂ ಬಿಟ್ಟುಕೊಡಲಿಲ್ಲ. ಒಳಗೆ ಪಾತ್ರೆ ತೊಳೆಯುವ ಹೆಂಗಸು ಅವನನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನನ್ನನ್ನೇ ಬೈಯುತ್ತಿದ್ದಾನೆ ಎಂದು ಕಹಳೆ ತೀರ್ಮಾನಿಸಿದ. ಹನ್ನೆರಡು ವರ್ಷ ಗೋಡೆಯ ಹಿಂದೆಯೂ ಹೀಗೇ ಬೈದುಕೊಂಡಿರಬೇಕು, ನನಗೆ ಕಂಡಿರಲಿಲ್ಲ ಅಷ್ಟೇ. ಶುಂಠಿ ನೀರು ಕೊಟ್ಟ ಕೈ ಒಂದು, ಬಾಯಿ ಇನ್ನೊಂದು. ಹಾಗೆ ಯೋಚಿಸಿ ಮೈಯೆಲ್ಲ ಉರಿದುಹೋಯಿತು.

ಹೋಟೆಲು ಚೆನ್ನಾಗಿ ಓಡುತ್ತಿದ್ದರೂ ಅಡುಗೆಮನೆ ಕುಂಟುತ್ತಿತ್ತು. ಚೀಟಿಗಳು ಒಲೆಯ ಪಕ್ಕ ಗುಪ್ಪೆ ಬೀಳುತ್ತಿದ್ದವು. ಈರುಳ್ಳಿ ಬೇಡ ಎಂದವರಿಗೆ ಈರುಳ್ಳಿ, ಮೂಲೆಯವರ ತಟ್ಟೆ ಬಾಗಿಲಿನವರಿಗೆ. ಸದ್ದು ಮಾಡಬಾರದ ಹೋಟೆಲಾದ್ದರಿಂದ ಗಿರಾಕಿಗಳು ಬೈಯದೆ ತಟ್ಟೆಯನ್ನು ದೂರ ಸರಿಸುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಯಜಮಾನರ ಮಗಳು ಕೆಲವು ವಾರ ನೋಡಿದಳು. ಒಂದು ಮಧ್ಯಾಹ್ನ ಜನ ಖಾಲಿಯಾದ ಮೇಲೆ ಕಹಳೆಯನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

"ಮಾಮ, ದೊಡ್ಡ ಮಾಮನ ಕೈರುಚಿ ಬಗ್ಗೆ ನಾನು ಮಾತಾಡೋ ಹಾಗೇ ಇಲ್ಲ. ಆದ್ರೆ ಅವರಿಗೆ ಈ ಕೆಲಸ ಒಗ್ತಾ ಇಲ್ಲ. ಬೇರೆ ಅಡುಗೆಯವರನ್ನ ನೋಡಿದೀನಿ."

ಕಹಳೆ ಹೆಗಲ ಮೇಲಿನ ಬಟ್ಟೆ ತೆಗೆದು ಮಡಿಸತೊಡಗಿದ.

"ನಾನು ಹೇಳಿದ್ರೆ ಅವರಿಗೆ ಅವಮಾನ ಆಗುತ್ತೆ. ನಿನ್ನೆ ಮೊನ್ನೆ ಹುಟ್ಟಿದೋಳು ಅನ್ನಿಸುತ್ತೆ. ನೀವಾದ್ರೆ ಒಡಹುಟ್ಟಿದೋರು, ಮನೇಲಿ ನಿಧಾನವಾಗಿ ಕೂತು ಹೇಳಿ. ನೀವು ಹೇಳಿದ್ರೆ ನೋವಾಗಲ್ಲ."

ಅವಳಿಗೆ ಗೊತ್ತಿರಲಿಲ್ಲ. ಓಣಿಗೆ ಗೊತ್ತಿತ್ತು, ಬೀಗ ರಿಪೇರಿಯವನಿಗೆ ಗೊತ್ತಿತ್ತು, ಅವಳಪ್ಪನಿಗೂ ಗೊತ್ತಿತ್ತು. ಜಗಳವಾದಾಗ ಊರಲ್ಲಿಲ್ಲದ ಅವಳೊಬ್ಬಳಿಗೆ ಯಾರೂ ಹೇಳಿರಲಿಲ್ಲ. ಈಗ ಹೇಳುವುದೆಂದರೆ ಮನೆಯ ಹೊಲಸನ್ನು ಹೊಸ ನೆಲದ ಮೇಲೆ ಸುರಿದಂತೆ ಎಂದು ಅವನಿಗೆ ನಾಚಿಕೆಯಾಯಿತು. "ನೋಡ್ತೀನಮ್ಮ" ಎಂದು ಎದ್ದ.

ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹನ್ನೆರಡು ವರ್ಷ ಆದ್ಮೇಲೆ ಬಾಯಿಬಿಟ್ಟು ಆಡೋ ಮೊದಲನೇ ಮಾತು ಇದಾ? 'ನಾಳೆಯಿಂದ ನೀನು ಬರ್ಬೇಡ' ಅಂತ?"

"ಮತ್ತೇನು ಮಾಡ್ಲಿ? ಹೇಳು ಅಂದಿದ್ದಾಳೆ."

"ನಾನು ಅಕ್ಕನ ಕಿವಿಗೆ ಹಾಕ್ಲಾ?"

"ಬೇಡ. ಇದನ್ನೂ ನಿಮ್ಮ ಕೈಲೇ ಹೊರಿಸಿದ್ರೆ ನಾನು ಗಂಡಸಾಗಿದ್ದಕ್ಕೆ ಏನು ಬಂತು?"

"ಅದನ್ನ ಇವತ್ತು ಕೇಳ್ತಿದ್ದೀರಲ್ಲ, ಪುಣ್ಯ" ಎಂದು ಅವಳು ಮತ್ತೆ ಸೊಪ್ಪಿಗೆ ಕೈಹಾಕಿದಳು.

ಮರುದಿನ ಬೆಳಗ್ಗೆಯೇ ಹೇಳಿ ಮುಗಿಸಬೇಕು ಎಂದು ಹೊರಟ. ಬೆಳಗ್ಗೆ ಧೈರ್ಯ ಬರಲಿಲ್ಲ. ಹನ್ನೊಂದಕ್ಕೆ ಅಣ್ಣ ತರಕಾರಿಯವನ ಜೊತೆ ಇದ್ದ. ಊಟದ ಹೊತ್ತಾಗಿ ಮೇಜುಗಳೆಲ್ಲ ತುಂಬಿ, ಪೆಟ್ಟಿಗೆಯಲ್ಲಿ ತಟ್ಟೆ ಬರುವುದೇ ನಿಂತಾಗ ಯಜಮಾನರ ಮಗಳು ದೂರದಿಂದ ಇವನ ಮುಖ ನೋಡಿದಳು. ಇನ್ನು ತಡಮಾಡಿದರೆ ಅವಳೇ ಒಳಗೆ ಹೋಗುತ್ತಾಳೆ ಎನ್ನಿಸಿ ಕಹಳೆ ಹಿಂಬದಿಯ ಓಣಿಗೆ ಸುತ್ತು ಹಾಕಿ, ಅಡುಗೆಮನೆಯ ಬಾಗಿಲು ತಳ್ಳಿದ. ಜಗಳವಾದ ಮೇಲೆ ಅವನು ಆ ಬಾಗಿಲು ದಾಟಿದ್ದು ಅದೇ ಮೊದಲು.

ಒಳಗೆ ಸೆಕೆ, ಎಣ್ಣೆಯ ಸಿಡಿತ, ಗೋಡೆಗೆ ಅಂಟಿಸಿದ ಯಂತ್ರದಿಂದ ನಾಲಿಗೆ ಚಾಚಿದ ಚೀಟಿ. ಅಣ್ಣನ ಬೆನ್ನು ಇತ್ತ ಇತ್ತು. ಅವನು ಚೀಟಿಯನ್ನು ಹರಿದು, ಕೈ ಚಾಚಿದಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ. "ಆರನೇ ನಂಬರು… ಆರು ಅಂದ್ರೆ ಕಿಟಕಿ… ಕಿಟಕಿ" ಎಂದು ಗೊಣಗಿದ. ಆಮೇಲೆ ಕತ್ತೆತ್ತಿ, ಒಡಕು ಗಂಟಲಲ್ಲಿ ರಾಗ ಎಳೆದ: "ಕಿಟಕಿಯವರಿಗೆ ಎರಡು ರೊಟ್ಟೀ, ಒಂದು ಆಮ್ಲೆಟ್, ಖಾರ ಕಮ್ಮೀ…"

ಕೂಗಿ, ಒಂದು ಕ್ಷಣ ಬಿಟ್ಟು, ತಗ್ಗಿದ ದನಿಯಲ್ಲಿ ತನಗೆ ತಾನೇ "ಆಯ್ತು" ಎಂದ. ಹಾಗೆಂದ ಮೇಲೆಯೇ ಅವನ ಕೈ ಮೊಟ್ಟೆಯ ಕಡೆ ಹೋದದ್ದು.

ಪಾತ್ರೆ ತೊಳೆಯುವವಳು ಕಹಳೆಯನ್ನು ನೋಡಿ, "ತೆರೆದಾಗಿನಿಂದ ಇದೇ ಕಥೆ" ಎಂದು ಪಿಸುಗುಟ್ಟಿದಳು. "ಕೂಗಿ ಹೇಳ್ದೆ ಇದ್ರೆ ಕೈ ಓಡಲ್ವಂತೆ. ಹೇಳೋರಿಲ್ಲ, ತಾವೇ ಕೂಗ್ಕೊತಾರೆ."

ಕಹಳೆಗೆ ಮೊದಲು ಬಂದದ್ದು ಸಿಟ್ಟು. ನಾನು ಹೀಗಾ ಕೂಗುವುದು, ಕತ್ತೆಯ ಹಾಗೆ? ಆಮೇಲೆ ಒಲೆಯ ಉರಿಯೆಲ್ಲ ಮಸುಕು ಮಸುಕಾಗಿ ಕಂಡಿತು. ಬೈಗುಳ ಎಂದುಕೊಂಡು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದು ಇದಕ್ಕೆ. ಯಂತ್ರ ಇನ್ನೊಂದು ಚೀಟಿ ಉಗುಳಿತು. ಅಣ್ಣನ ಕೈ ಎಣ್ಣೆಯಲ್ಲಿತ್ತು. ಕಹಳೆ ಮುಂದೆ ಬಂದು ಚೀಟಿ ಹರಿದುಕೊಂಡ. ಅಣ್ಣ ತಲೆ ತಿರುಗಿಸಲಿಲ್ಲ, ಆದರೆ ಅವನ ಬೆನ್ನು ನೆಟ್ಟಗಾದದ್ದು ಕಂಡಿತು.

"ಬಾಗಿಲ ಹತ್ರ ಒಬ್ಬರೇ. ಅನ್ನ, ಸೊಪ್ಪು. ಈರುಳ್ಳಿ ಬೇಡ" ಎಂದು ತಗ್ಗಿದ ದನಿಯಲ್ಲೇ ಹೇಳಿದ.

ಎಣ್ಣೆ ಚಟಪಟ ಎನ್ನುತ್ತಿತ್ತು. ಬಾಣಲೆಯಲ್ಲಿದ್ದದ್ದನ್ನು ಮಗುಚಿ ಹಾಕಿ ಅಣ್ಣ, "ಆಯ್ತು" ಎಂದ.

ಆ ಮಧ್ಯಾಹ್ನ ಗುಪ್ಪೆ ಬಿದ್ದಿದ್ದ ಚೀಟಿಗಳೆಲ್ಲ ಕರಗಿದವು. ಹೊರಗೆ ಯಜಮಾನರ ಮಗಳೇ ತಟ್ಟೆ ಹೊತ್ತಳು. ಜನ ಹೋದ ಮೇಲೆ ಅವಳು ಕಹಳೆಯನ್ನು ತಡೆದು, "ಹೇಳಿದ್ರಾ?" ಎಂದಳು.

"ಇಲ್ಲಮ್ಮ. ಹೇಳಕ್ಕಾಗ್ಲಿಲ್ಲ. ನಾವಿಬ್ರೂ ಮಾತಾಡಲ್ಲ."

"ಅಂದ್ರೆ?"

"ಅಂದ್ರೆ ಮಾತಾಡಲ್ಲ. ಅಮ್ಮ ಹೋದಾಗಿನಿಂದ. ನಿಮ್ಮಪ್ಪನ್ನ ಕೇಳು."

ಅವಳು ಅವನನ್ನು ನೋಡಿದಳು, ಗಾಜಿನಾಚೆ ಒಲೆ ಒರೆಸುತ್ತಿದ್ದವನನ್ನು ನೋಡಿದಳು. "ಒಂದೇ ಹೋಟೆಲಲ್ಲಿ ಇದ್ಕೊಂಡು? ನಾನು ಏನು ಮಾಡಕ್ಕೆ ಹೊರಟಿದ್ದೆ!" ಎಂದು ಹಣೆ ಹಿಡಿದುಕೊಂಡಳು.

"ನನ್ನನ್ನ ಒಳಗೆ ಹಾಕು. ಚೀಟಿ ನಾನು ಓದಿ ಹೇಳ್ತೀನಿ. ತಟ್ಟೆ ಇಡಕ್ಕೆ ಯಾರಾದ್ರೂ ಆಗುತ್ತೆ."

"ಮಾಮ, ನೀವು ಜನರ ಮಧ್ಯ ಇದ್ದವರು. ಒಳಗೆ ಆ ಸೆಕೇಲಿ…"

"ಜನ ಈಗ ಎಲ್ಲಿ ಮಾತಾಡ್ತಾರೆ, ಬಿಡು" ಎಂದ ಕಹಳೆ. ಅದು ಅವಳನ್ನು ಒಪ್ಪಿಸಲು ಆಡಿದ ಮಾತು. ಬಾಗಿಲ ಹತ್ತಿರ ನಿಂತು ಬಂದವರ ಮುಖ ನೋಡುವುದು ಅವನಿಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು, ಬಿಡುವುದು ಸುಲಭವಿರಲಿಲ್ಲ. ಸ್ವಲ್ಪ ದಿನ ನೋಡೋಣ ಎಂದು ಅವಳು ಒಪ್ಪಿಕೊಂಡಳು. ಆ ದಿನಗಳು ಕಳೆದ ಮೇಲೆ ಹೊಸ ಅಡುಗೆಯವನ ಮಾತನ್ನು ಮತ್ತೆ ಎತ್ತಲಿಲ್ಲ.

ಹೀಗೆ ಅಣ್ಣತಮ್ಮ ಒಂದೇ ಒಲೆಯ ಮುಂದೆ ಬಂದು ನಿಂತರು. ಕೆಲಸ ಬೆಣ್ಣೆಯಂತೆ ಸಾಗಿತು. ಮಾತು ಮಾತ್ರ ಒಂದಿಂಚು ಮುಂದೆ ಹೋಗಲಿಲ್ಲ. ಮುಂಚೆ ನಡುವೆ ಗೋಡೆ ಇತ್ತು, ಮಾತಾಡದಿರುವುದಕ್ಕೆ ಒಂದು ಮರೆ ಇತ್ತು. ಈಗ ಮೊಣಕೈಗೆ ಮೊಣಕೈ ತಾಗುತ್ತಿತ್ತು, ಬೆವರಿನ ವಾಸನೆ ಬರುತ್ತಿತ್ತು, ಒಬ್ಬ ಸೀನಿದರೆ ಇನ್ನೊಬ್ಬನ ಮೇಲೆ ಬೀಳುತ್ತಿತ್ತು. ಆದರೂ ಚೀಟಿ ಓದುವುದು, "ಆಯ್ತು" ಎನ್ನುವುದು. ಪಾತ್ರೆ ತೊಳೆಯುವವಳಿಗೇ ತಲೆಕೆಟ್ಟು, "ನಿಮ್ಮಿಬ್ಬರ ಮಧ್ಯ ಇದ್ರೆ ನಾನೂ ಮೂಗಿ ಆಗ್ಬಿಡ್ತೀನಿ" ಎಂದು ಒಮ್ಮೆ ರೇಗಿದಳು. ಇಬ್ಬರೂ ಕೇಳಿಸದವರಂತೆ ಇದ್ದರು.

ಒಂದು ಮಧ್ಯಾಹ್ನ ಊಟದ ಭರಾಟೆ ಮುಗಿದಿತ್ತು. ಪಾತ್ರೆಯವಳು ಕಸ ಚೆಲ್ಲಲು ಹೊರಗೆ ಹೋಗಿದ್ದಳು. ಅಣ್ಣ ಸ್ಟೂಲಿನ ಮೇಲೆ ಕೂತು ಸಂಜೆಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದ, ತಮ್ಮ ಎದುರಿಗೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದ. ಅಣ್ಣ ತಲೆ ಎತ್ತದೆ, ಬೆಳ್ಳುಳ್ಳಿಗೆ ಹೇಳಿದಂತೆ ಕೇಳಿದ:

"ಅವಳೇ ಕೇಳಿದ್ಳಾ?"

ಯಾರು ಎಂದು ಕಹಳೆ ಕೇಳಲಿಲ್ಲ. ಕೈಯಲ್ಲಿದ್ದ ಆಲೂಗಡ್ಡೆ ಜಾರಿ ಬುಟ್ಟಿಗೆ ಬಿತ್ತು.

"ಹೂಂ. ಅವಳೇ ಕೇಳಿದ್ದು."

"ನನ್ನ ಹತ್ರ ಯಾಕೆ ಕೇಳ್ಲಿಲ್ಲ?" ಅಣ್ಣನ ದನಿ ಗಟ್ಟಿಯಾಗಿಯೇ ಇತ್ತು. "ಊರಿಗೆಲ್ಲ ಬೇಯಿಸಿ ಹಾಕೋನು ನಾನು. ದಿನಾ ತಟ್ಟೆ ಹಿಡ್ಕೊಂಡು ಎದುರಿಗೆ ನಿಲ್ತಿದ್ದೆ. ಒಂದು ಸಲ ಬೇಡ ಅನ್ಲಿಲ್ಲ, ಇಂಥದ್ದು ಬೇಕು ಅಂತ ಬಾಯ್ಬಿಡ್ಲಿಲ್ಲ. ನಿನ್ನ ಹತ್ರ ಕೇಳಿದ್ಳು."

ಇಷ್ಟು ವರ್ಷ ಅವನನ್ನು ಸುಟ್ಟದ್ದು ಇದು ಎಂದು ಕಹಳೆಗೆ ಅರ್ಥವಾಯಿತು. ಮಂಚದ ಕೆಳಗಿನ ಮುಳ್ಳಲ್ಲ, ಡಾಕ್ಟರ ಮಾತಲ್ಲ. ಸುಮ್ಮನಿದ್ದರೆ ಅಮ್ಮ ಅವನನ್ನು ಬಿಟ್ಟು ತನ್ನನ್ನು ನಂಬಿದಳೆಂಬ ಸಂಕಟ ಅವನಿಗೆ ಉಳಿಯುತ್ತದೆ. ಹೇಳಿದರೆ ಆ ಮೀನು ತಾನೇ ಹುರಿದದ್ದು ಎಂಬ ಇನ್ನೊಂದು ಉಳಿಯುತ್ತದೆ. ಯಾವುದು ಹೆಚ್ಚು ಭಾರ ಎಂದು ತೂಗಿ ನೋಡುವಷ್ಟು ಬುದ್ಧಿ ತನಗಿಲ್ಲ ಎನ್ನಿಸಿತು.

"ನಿನ್ನದನ್ನೇ ಕೇಳಿದ್ದು ಅಣ್ಣ" ಎಂದ. "ದೊಡ್ಡೋನು ಹುರಿಯೋದೇ ಬೇಕು, ಬೇರೆ ಕಡೇದು ಬೇಡ ಅಂದ್ಳು. ಮನೇಲಿ ನೀನು ಅಷ್ಟು ಕಷ್ಟಪಟ್ಟು ಮಾಡಿ ಕೊಡ್ತೀಯಲ್ಲ, ನಿನಗೆ ಬೇಜಾರಾಗುತ್ತೆ ಅಂತ ಬಾಯ್ಬಿಡಲಿಲ್ಲ. ನಾನು ಇಲ್ಲೇ, ಗಿರಾಕಿಗೆ ಅಂತ ಕೂಗಿ ನಿನ್ನ ಕೈಲೇ ಕಟ್ಟಿಸ್ಕೊಂಡು ಹೋದೆ."

ಅಣ್ಣ ಅಲ್ಲಾಡಲಿಲ್ಲ. ಉಗುರಿನಲ್ಲಿ ಸಿಕ್ಕಿದ್ದ ಬೆಳ್ಳುಳ್ಳಿಯ ಸಿಪ್ಪೆಯನ್ನು ನೋಡುತ್ತ ಕೂತ. ಅವನು ಎದ್ದು ಹೋಗುತ್ತಾನೆ, ಬಾಣಲೆ ಎತ್ತಿ ಎಸೆಯುತ್ತಾನೆ, ಇಲ್ಲವೇ ತನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಕಹಳೆ ಕಾದ. ಹೇಳಬಾರದಿತ್ತು, ಕೊಂದುಬಿಟ್ಟೆ ಎಂದುಕೊಂಡ. ಅಣ್ಣ ಕೊನೆಗೆ ತಲೆಯೆತ್ತಿದ. ಕಣ್ಣು ತುಂಬ ನೀರಿತ್ತು.

"ಪೂರ್ತಿ ತಿಂದ್ಳಾ?" ಎಂದ.

"ಮುಳ್ಳು ಬಿಟ್ಟು ಬೇರೇನೂ ಉಳಿಸಲಿಲ್ಲ" ಎಂದ ತಮ್ಮ.